ಅರಿಶಿನ ಕುಂಕುಮಕ್ಕೆ ರುಜು ಹಾಕಿಸುವುದು ನ್ಯಾಯವೇ?

ಜನ್ನಾಪುರದ ಯಾವ ಬೀದಿಯಲ್ಲಾದರೂ ಈ ದೃಶ್ಯವನ್ನು ಕಾಣಬಹುದು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆವರು ಸುರಿಸಿ ನಿವೃತ್ತನಾದ ಹಿರಿಯನೊಬ್ಬ ತೀರಿಕೊಂಡಿದ್ದಾನೆ. ಕ್ವಾರ್ಟರ್ಸು ಬಿಟ್ಟುಕೊಟ್ಟ ಮೇಲೆ, ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿ, ಹೆಂಡತಿಯ ಎರಡೆಳೆ ಸರ ಎಲ್ಲವನ್ನೂ ಸುರಿದು ಕಟ್ಟಿಸಿದ ಮನೆಯೊಂದಿದೆ. ಹದಿಮೂರನೆಯ ದಿನದ ಊಟ ಮುಗಿದು, ದೂರದ ಊರುಗಳಿಂದ ಬಂದ ಹೆಣ್ಣುಮಕ್ಕಳು ಚೀಲ ಕಟ್ಟುತ್ತಿರುವಾಗ ಅಣ್ಣ ಒಂದು ಛಾಪಾ ಕಾಗದ ತಂದು ಮುಂದಿಡುತ್ತಾನೆ. "ಖಾತೆ ಬದಲಾಯಿಸುವುದಕ್ಕೆ ಬೇಕಂತೆ, ಇಲ್ಲೊಂದು ರುಜು ಹಾಕಿ" ಎನ್ನುತ್ತಾನೆ. ಕಾಗದದೊಳಗೆ ಬರೆದಿರುವುದು ಬೇರೆ. ಅರಿಶಿನ ಕುಂಕುಮದ ಬಾಬ್ತು ಇಂತಿಷ್ಟು ಹಣ ಸಂದಾಯವಾಗಿದೆ, ಇನ್ನು ಈ ಮನೆಯಲ್ಲಿ ತಮಗಾಗಲಿ ತಮ್ಮ ಮಕ್ಕಳಿಗಾಗಲಿ ಯಾವ ಹಕ್ಕೂ ಇಲ್ಲ ಎಂದು ಅದರಲ್ಲಿದೆ.

ಮೂವರು ತಂಗಿಯರಲ್ಲಿ ಇಬ್ಬರು ರುಜು ಹಾಕುತ್ತಾರೆ. ಮೂರನೆಯವಳು "ಓದಿ ನೋಡಿ ಹಾಕುತ್ತೇನೆ" ಎನ್ನುತ್ತಾಳೆ. ಅಷ್ಟಕ್ಕೇ ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಆ ವರ್ಷ ಗೌರಿ ಹಬ್ಬಕ್ಕೆ ಅವಳಿಗೆ ತವರಿನ ಬಾಗಿನ ಹೋಗುವುದಿಲ್ಲ.

ಆ ಮನೆ ಯಾವುದು ಎಂದು ಹೇಳುವ ಅಗತ್ಯವಿಲ್ಲ. ಇಂಥ ಮನೆ ಒಂದಲ್ಲ. ನಮ್ಮ ಓದುಗರಲ್ಲಿ ರುಜು ಹಾಕಿಸಿಕೊಂಡ ಅಣ್ಣಂದಿರಿದ್ದಾರೆ, ರುಜು ಹಾಕಿದ ಹೆಂಗಸರ ಗಂಡಂದಿರೂ ಇದ್ದಾರೆ. ಎಷ್ಟೋ ಜನ ಎರಡೂ ಆಗಿದ್ದಾರೆ. ತಂಗಿ ಬಂದು ಕೇಳಿದರೆ "ಹೆಣ್ಣಿಗೆಲ್ಲಿಯ ಪಾಲು" ಎಂದು ಗದರುವವರೇ, ತಮ್ಮ ಹೆಂಡತಿಯನ್ನು ಮಾತ್ರ "ನಿನ್ನ ಪಾಲು ಕೇಳಿಕೊಂಡು ಬಾ" ಎಂದು ತವರಿಗೆ ಅಟ್ಟುತ್ತಾರೆ. ಈ ಎರಡು ನಾಲಿಗೆಯ ವ್ಯವಹಾರದ ಬಗ್ಗೆ ನಾವು ಇಂದು ನಾಲ್ಕು ಮಾತು ನೇರವಾಗಿ ಹೇಳಬೇಕೆಂದಿದ್ದೇವೆ. ಕೆಲವರಿಗೆ ಕಹಿಯಾದೀತು. ಆಗಲಿ.

ಮೊದಲು ಕಾರ್ಮಿಕ ಬಂಧುಗಳಿಗೊಂದು ಪ್ರಶ್ನೆ. ಒಂದು ಕಾಲದಲ್ಲಿ ಬೋನಸ್ ಎಂದರೆ ಮಾಲೀಕ ಸಂತೋಷಪಟ್ಟು ಕೊಡುವ ಇನಾಮು ಎಂದು ಹೇಳುತ್ತಿದ್ದರು. "ಅದು ನಿನ್ನ ಕೃಪೆಯಲ್ಲ, ನಮ್ಮ ಹಕ್ಕು" ಎಂದು ದುಡಿಯುವವರು ಹೋರಾಡಿದರು. 1965ರಲ್ಲಿ ಬೋನಸ್ ಕಾನೂನು ಬಂತು. 1972ರಲ್ಲಿ ಗ್ರಾಚ್ಯುಯಿಟಿಯೂ ಕಾನೂನಾಯಿತು. ಕೃಪೆಗೂ ಹಕ್ಕಿಗೂ ಇರುವ ವ್ಯತ್ಯಾಸವನ್ನು ಭದ್ರಾವತಿಯ ಕಾರ್ಮಿಕನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಬಂದಾಗ ಬೀದಿಗಿಳಿದ ಜನ ಬೇಡಲು ಹೋಗಿರಲಿಲ್ಲ, ಕೇಳಲು ಹೋಗಿದ್ದರು. ಹಾಗಾದರೆ ಮನೆಗೆ ಬಂದ ಕೂಡಲೇ ಅದೇ ಕಾರ್ಮಿಕ ಮಾಲೀಕನ ಮಾತನ್ನೇ ಏಕೆ ಆಡುತ್ತಾನೆ? ತಂಗಿಗೆ ಹಬ್ಬಕ್ಕೊಂದು ಸೀರೆ ಕೊಡುತ್ತೇನೆ, ಬಾಣಂತನ ಮಾಡಿಸಿದ್ದೇನೆ, ಅದರ ಮೇಲೆ ಏನು ಕೇಳುವುದು ಎನ್ನುತ್ತಾನೆ. ಇದು ಇನಾಮಿನ ಭಾಷೆ. ಹಕ್ಕಿನ ಭಾಷೆಯಲ್ಲ.

ಇನ್ನು ಕಾನೂನಿನ ಮಾತು. ಹೆಣ್ಣುಮಕ್ಕಳ ಪಾಲು ಎನ್ನುವುದು ನಿನ್ನೆ ಮೊನ್ನೆ ಬಂದದ್ದು, 2005ರ ನಂತರದ ಹೊಸ ಪಿಡುಗು ಎಂದು ಬಹಳ ಜನ ತಿಳಿದಿದ್ದಾರೆ. ಇದು ತಪ್ಪು. ತಂದೆ ತನ್ನ ಸಂಬಳದಲ್ಲಿ ಕೊಂಡ ನಿವೇಶನ, ಕಟ್ಟಿಸಿದ ಮನೆ, ಬ್ಯಾಂಕಿನಲ್ಲಿಟ್ಟ ಹಣ, ಇವೆಲ್ಲ ಅವನ ಸ್ವಯಾರ್ಜಿತ. ಅವನು ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವನ ತಾಯಿ, ಇಷ್ಟು ಜನಕ್ಕೂ ಸಮಪಾಲು. ಹೀಗೆಂದು ಹಿಂದೂ ಉತ್ತರಾಧಿಕಾರ ಕಾನೂನು ಹೇಳಿದ್ದು 1956ರಲ್ಲಿ. ಜನ್ನಾಪುರದ ನಿವೃತ್ತ ಕಾರ್ಮಿಕರ ಮನೆಗಳಲ್ಲಿ ಬಹುಪಾಲು ಈ ಜಾತಿಯವೇ. ಅಂದರೆ ಇಲ್ಲಿ ಮಗಳ ಪಾಲಿಗೆ ಆರು ದಶಕ ದಾಟಿದ ವಯಸ್ಸಾಗಿದೆ. ನಮ್ಮ ನೆರೆಯ ಕ್ರೈಸ್ತ ಬಂಧುಗಳಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾನೂನಿನಲ್ಲೂ ಮಗ ಮಗಳು ಎಂಬ ಭೇದವಿಲ್ಲ.

ಆದರೆ 1956ರ ಕಾನೂನಿನೊಳಗೇ ಒಂದು ಮೋಸ ಅಡಗಿತ್ತು ಎಂಬುದನ್ನೂ ಹೇಳಬೇಕು. ಅದರ 23ನೆಯ ಕಲಮಿನ ಪ್ರಕಾರ, ಮನೆಯವರು ವಾಸವಾಗಿರುವ ಮನೆಯಲ್ಲಿ ಮಗಳಿಗೆ ಪಾಲಿದ್ದರೂ, ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಅವಳು ಭಾಗ ಕೇಳುವಂತಿರಲಿಲ್ಲ. ಮದುವೆಯಾಗದವಳು, ಗಂಡ ಬಿಟ್ಟವಳು, ಗಂಡನಿಂದ ದೂರವಾದವಳು, ವಿಧವೆ, ಇಷ್ಟು ಜನಕ್ಕೆ ಮಾತ್ರ ಅಲ್ಲಿ ಇರುವ ಹಕ್ಕಿತ್ತು. ಬಡವನಿಗೆ ಇರುವ ಆಸ್ತಿ ಒಂದೇ ಮನೆ. ಆ ಒಂದೇ ಮನೆಯಲ್ಲಿ ಕೇಳುವ ಬಾಯಿಗೆ ಬೀಗ ಹಾಕಿದ ಮೇಲೆ ಪಾಲಿದ್ದೇನು ಫಲ? ಈ ಬೀಗ ಒಡೆದದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಿಂದ. 23ನೆಯ ಕಲಮು ಅಂದು ರದ್ದಾಯಿತು.

ಪಿತ್ರಾರ್ಜಿತದ ಕಥೆ ಇನ್ನೂ ಹಳೆಯದು, ನಮ್ಮ ನೆಲದ್ದೇ. ಕೂಡುಕುಟುಂಬದ ಆಸ್ತಿಯಲ್ಲಿ ಗಂಡುಮಗುವಿಗೆ ಹುಟ್ಟಿನಿಂದಲೇ ಹಕ್ಕು ಎಂದು ಹೇಳುವ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಬರೆದದ್ದು ಭಾರತದ ಬಹುಭಾಗಕ್ಕೆ ಕಾನೂನಾಯಿತು. ಅದೇ ವಿಜ್ಞಾನೇಶ್ವರ ಸ್ತ್ರೀಧನದ ವಿಷಯದಲ್ಲಿ ಉದಾರಿಯಾಗಿದ್ದ. ಹೆಣ್ಣಿಗೆ ವಾರಸಾಗಿ ಬಂದದ್ದೂ, ಅವಳು ಕೊಂಡದ್ದೂ, ಭಾಗದಲ್ಲಿ ಬಂದದ್ದೂ ಸ್ತ್ರೀಧನವೇ ಎಂದು ಬರೆದ. ಬ್ರಿಟಿಷರ ಪ್ರಿವಿ ಕೌನ್ಸಿಲು ಆ ಉದಾರ ಭಾಗವನ್ನು ಒಪ್ಪಲಿಲ್ಲ. ಗಂಡಿನ ಹುಟ್ಟುಹಕ್ಕನ್ನು ಉಳಿಸಿಕೊಂಡು ಹೆಣ್ಣಿನ ಸ್ತ್ರೀಧನವನ್ನು ಕತ್ತರಿಸಿತು. ಶಾಸ್ತ್ರದಲ್ಲಿ ತಮಗೆ ಬೇಕಾದ ಸಾಲನ್ನು ಹಿಡಿದು ಬೇಡದ ಸಾಲನ್ನು ಬಿಡುವ ಚಾಳಿ ನಮ್ಮವರಿಗೆ ಮಾತ್ರ ಇದ್ದದ್ದಲ್ಲ.

1956ರ ಕಾನೂನು ಈ ಹುಟ್ಟುಹಕ್ಕನ್ನು ಮುಟ್ಟಲಿಲ್ಲ. ಅದರ ಲೆಕ್ಕವನ್ನು ವ್ಯಾಪಾರಿ ಮಿತ್ರರು ಬೆರಳಲ್ಲೇ ಹಾಕಿ ನೋಡಲಿ. ತಾಯಿ ಇಲ್ಲದ ಮನೆ, ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಂದೆ 1970ರಲ್ಲಿ ಸತ್ತ ಎನ್ನೋಣ. ಆಸ್ತಿಯನ್ನು ಮೊದಲು ತಂದೆಗೂ ಇಬ್ಬರು ಮಕ್ಕಳಿಗೂ ಮೂರು ಪಾಲು ಮಾಡಬೇಕು. ತಂದೆಯ ಆ ಒಂದು ಪಾಲನ್ನು ಮತ್ತೆ ಮೂವರು ಮಕ್ಕಳಿಗೆ ಹಂಚಬೇಕು. ಮಗಳಿಗೆ ಬಂದದ್ದು ಒಂಬತ್ತರಲ್ಲಿ ಒಂದು, ಒಬ್ಬೊಬ್ಬ ಮಗನಿಗೆ ಒಂಬತ್ತರಲ್ಲಿ ನಾಲ್ಕು. ಒಂಬತ್ತು ಎಕರೆ ಗದ್ದೆಯಲ್ಲಿ ಅವಳಿಗೆ ಒಂದೆಕರೆ. ಇದನ್ನೇ ನಾವು ಸಮಾನತೆ ಎಂದು ಕರೆದೆವು.

ಇಲ್ಲಿ ನಮ್ಮ ಹಳೆಯ ಮೈಸೂರು ಸಂಸ್ಥಾನದ ಒಂದು ಕೆಲಸವನ್ನು ಸ್ಮರಿಸಬೇಕು. 1933ರಲ್ಲೇ, ಅಂದರೆ ಬ್ರಿಟಿಷ್ ಇಂಡಿಯಾ 1937ರಲ್ಲಿ ವಿಧವೆಯರಿಗಾಗಿ ಒಂದು ಕಾನೂನು ಮಾಡುವುದಕ್ಕೆ ಮೊದಲೇ, ಮೈಸೂರಿನಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಬಂತು. ಕುಟುಂಬ ಭಾಗವಾದಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು ಕೊಡಬೇಕೆಂದು ಅದು ಹೇಳಿತು. ಎಷ್ಟು? ವಿಧವೆಗೆ ಗಂಡನಿಗೆ ಬರುವುದರಲ್ಲಿ ಅರ್ಧ. ಮದುವೆಯಾಗದ ಮಗಳಿಗೆ ಅಣ್ಣನ ಪಾಲಿನ ನಾಲ್ಕನೆಯ ಒಂದು. ಮದುವೆಯಾದವಳಿಗೆ ಏನೂ ಇಲ್ಲ. ಕಾಲು ಪಾಲಾದರೂ ಪಾಲೇ ಎಂದು ಅಂದಿನವರು ಸಂತೋಷಪಟ್ಟಿರಬಹುದು. ಬೇರೆ ಕಡೆ ಅದೂ ಇರಲಿಲ್ಲ.

ಅಂದು ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. 1936ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ ಸ್ಥಾಪನೆಯಾದದ್ದೂ ಅವರ ಕಾಲದಲ್ಲೇ. ಅವರ ತಾತ ಆಗಾ ಅಲಿ ಅಸ್ಕರ್ 1824ರಲ್ಲಿ ಪರ್ಷಿಯಾದ ಷಿರಾಜಿನಿಂದ ಕುದುರೆಗಳನ್ನು ಹೊಡೆದುಕೊಂಡು ಬೆಂಗಳೂರಿಗೆ ಬಂದ ವ್ಯಾಪಾರಿ. ಆ ಪರ್ಷಿಯಾದ ಮಾತು ಬಂದದ್ದರಿಂದ ಅಲ್ಲಿಯ ಹೆಂಗಸರ ಸ್ಥಿತಿಯನ್ನೂ ಒಂದಿಷ್ಟು ನೋಡೋಣ. ಅವರದು ಹಿಂದುಳಿದ ನಾಡು, ಹೆಣ್ಣನ್ನು ಪರದೆಯಲ್ಲಿಟ್ಟ ನಾಡು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ.

1501ರಿಂದ 1722ರವರೆಗೆ ಆಳಿದ ಸಫವಿ ದೊರೆಗಳ ಕಾಲದಲ್ಲಿ ಅಲ್ಲಿ ಮದುವೆ ಎಂದರೆ ಕರಾರು. ಗಂಡ ಕೊಡಬೇಕಾದ ಮೆಹರು ಎಷ್ಟು ಎಂದು ಕರಾರಿನಲ್ಲಿ ಗೊತ್ತುಮಾಡುತ್ತಿದ್ದರು. ಅದು ಹೆಂಡತಿಯ ಸ್ವತ್ತು, ಮಾವನದಲ್ಲ, ಗಂಡನದಲ್ಲ. ಅವಳಿಗೆ ತವರಿನಿಂದ ಬಂದದ್ದು ಮದುವೆಯಾದ ಮೇಲೂ ಅವಳದೇ. ಅದೇ ಕಾಲದ ಇಂಗ್ಲೆಂಡಿನಲ್ಲಿ ಹೆಣ್ಣು ಮದುವೆಯಾದ ಕ್ಷಣ ಅವಳ ಹಣ, ಒಡವೆ, ಸಾಮಾನು ಎಲ್ಲ ಗಂಡನದಾಗುತ್ತಿತ್ತು. ಇದು ಪೂರ್ತಿ ಸರಿಹೋಗಲು ಅವರು 1882ರ ಕಾನೂನಿನವರೆಗೆ ಕಾಯಬೇಕಾಯಿತು. ಇಸ್ಫಹಾನ್ ನಗರದಲ್ಲಿ ಹದಿನೇಳನೆಯ ಶತಮಾನದ ಎರಡು ಮದ್ರಸಾಗಳಿಗೆ "ಅಜ್ಜಿಯ ಮದ್ರಸಾ" ಎಂದೇ ಹೆಸರು, ಒಂದು ದೊಡ್ಡದು, ಒಂದು ಚಿಕ್ಕದು. ಎರಡನೆಯ ಷಾ ಅಬ್ಬಾಸನ ಅಜ್ಜಿಯರ ಹೆಸರಿನವು. ಸ್ವಂತ ಸ್ವತ್ತಿಲ್ಲದ ಹೆಂಗಸು ಧರ್ಮಕ್ಕೆ ಕಟ್ಟಡ ಕೊಡಲಾರಳು.

ಹಾಗೆಂದು ಅದು ಹೆಣ್ಣಿನ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ಅರಮನೆಯ ಅಜ್ಜಿಗೂ ಹೊಲದಲ್ಲಿ ದುಡಿಯುವವಳಿಗೂ ಅಜಗಜಾಂತರ. ಮಗಳ ಪಾಲು ಮಗನ ಪಾಲಿನ ಅರ್ಧ. ಅಲ್ಲಿಯ ಷಿಯಾ ಶಾಸ್ತ್ರದಲ್ಲಿ ಇನ್ನೊಂದು ಕೊಕ್ಕೆಯೂ ಇತ್ತು. ವಿಧವೆಗೆ ಗೋಡೆಯ ಬೆಲೆಯಲ್ಲಿ, ಮರದ ಬೆಲೆಯಲ್ಲಿ ಪಾಲುಂಟು, ನೆಲದಲ್ಲಿ ಮಾತ್ರ ಇಲ್ಲ. ಇರಾನು ಈ ಕಾನೂನನ್ನು ತಿದ್ದಿ ನೆಲದ ಬೆಲೆಯಲ್ಲೂ ವಿಧವೆಗೆ ಪಾಲು ಕೊಟ್ಟದ್ದು 2009ರಲ್ಲಿ. ಶಾಸ್ತ್ರ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಹೆಣ್ಣಿಗೆ ಒಡವೆ ಕೊಡುವಾಗ ಕೈ ಸಡಿಲ, ನೆಲ ಕೊಡುವಾಗ ಕೈ ಬಿಗಿ. ನೆಲದ ಒಡೆತನವಿದ್ದವನ ಮಾತಿಗೆ ಮನೆಯಲ್ಲೂ ಊರಲ್ಲೂ ಬೆಲೆ ಬರುತ್ತದೆ ಎಂಬುದು ಎಲ್ಲ ಕಡೆಯ ಗಂಡಸರಿಗೂ ಗೊತ್ತು. ನಮ್ಮ ಮುಸ್ಲಿಂ ಬಂಧುಗಳು ಕೂಡ, ಕುರಾನಿನಲ್ಲಿ ಹೇಳಿದ ಮಗಳ ಪಾಲು ತಮ್ಮ ಮನೆಯ ಹೆಣ್ಣುಮಕ್ಕಳ ಕೈ ಸೇರಿದೆಯೇ ಎಂದು ಒಮ್ಮೆ ಎದೆ ಮುಟ್ಟಿ ಕೇಳಿಕೊಳ್ಳಲಿ.

ನಮ್ಮ ರಾಜ್ಯದ ಕಥೆಗೆ ಮರಳೋಣ. 1994ರ ಜುಲೈ 30ರಂದು ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಮಗಳಿಗೂ ಹುಟ್ಟುಹಕ್ಕು ಸಿಕ್ಕಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವಳಿಗೆ ಇಲ್ಲ ಎಂದರು. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಮೇ ತಿಂಗಳಲ್ಲಿ ತಾಳಿ ಕಟ್ಟಿಸಿಕೊಂಡವಳು ಹೊರಗೆ, ಆಗಸ್ಟಿನಲ್ಲಿ ಕಟ್ಟಿಸಿಕೊಂಡವಳು ಒಳಗೆ! 2005ರ ಕೇಂದ್ರದ ತಿದ್ದುಪಡಿ ಈ ಭೇದವನ್ನು ಅಳಿಸಿತು. ಆಮೇಲೂ ತಕರಾರು ಮುಗಿಯಲಿಲ್ಲ. 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. 2018ರಲ್ಲಿ ಅದಕ್ಕೆ ಮೊದಲೇ ತೀರಿಕೊಂಡಿದ್ದ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಡಿಸಿತು. ಆ ಎರಡು ಮೊಕದ್ದಮೆಗಳೂ ನಮ್ಮ ಕರ್ನಾಟಕದಿಂದಲೇ ಹೋದವು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಂದು ತಂದೆ ಬದುಕಿದ್ದನೋ ಇಲ್ಲವೋ ಎಂಬುದು ಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮವಾಗಿ ಆಗಿಹೋದ ಭಾಗವನ್ನು ಮಾತ್ರ ಕೆದಕುವಂತಿಲ್ಲ. ಈಗ ಮೇಲೆ ಹೇಳಿದ ಒಂಬತ್ತು ಎಕರೆಯ ಲೆಕ್ಕ ಹಾಕಿ. ಮೂವರಿಗೂ ಮೂರು ಮೂರು ಎಕರೆ.

ಕಾನೂನು ಇಷ್ಟು ಸ್ಪಷ್ಟವಾದ ಮೇಲೂ 2015-16ರ ಕೃಷಿ ಗಣತಿಯಲ್ಲಿ ದೇಶದ ಒಟ್ಟು ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿ ಕಂಡದ್ದು ನೂರಕ್ಕೆ ಸುಮಾರು 14. ವಿಧಾನಸೌಧದಲ್ಲೂ ಸಂಸತ್ತಿನಲ್ಲೂ ಗೆದ್ದದ್ದನ್ನು ಹೆಣ್ಣು ತವರಿನ ಪಡಸಾಲೆಯಲ್ಲಿ ಸೋಲುತ್ತಿದ್ದಾಳೆ. ಅಲ್ಲಿ ಅವಳನ್ನು ಸೋಲಿಸುವ ವಾದಗಳು ಮೂರು.

ಒಂದು: "ವರದಕ್ಷಿಣೆ ಕೊಟ್ಟಿದ್ದೇವಲ್ಲ, ಅದೇ ಅವಳ ಪಾಲು." 1961ರಿಂದ ವರದಕ್ಷಿಣೆ ಅಪರಾಧ. ತಾನು ಮಾಡಿದ ಅಪರಾಧವನ್ನೇ ರಸೀದಿಯಾಗಿ ತೋರಿಸುವ ಧೈರ್ಯ ಮೆಚ್ಚತಕ್ಕದ್ದು! ಆ ಹಣ ಸೇರಿದ್ದು ಯಾರಿಗೆ? ಬೀಗರಿಗೆ. ಹಾಗೆ ಬೇರೆಯವರು ತೆಗೆದುಕೊಂಡದ್ದನ್ನು ಹೆಣ್ಣಿಗೇ ಒಪ್ಪಿಸಬೇಕೆಂದು ಅದೇ ಕಾನೂನಿನಲ್ಲಿದೆ. ಎಷ್ಟು ಮನೆಗಳಲ್ಲಿ ಒಪ್ಪಿಸಿದ್ದಾರೆ? ಅವಳ ಹೆಸರಿನಲ್ಲಿ ಖರ್ಚಾದದ್ದೆಲ್ಲ ಅವಳಿಗೆ ಸಂದದ್ದಲ್ಲ.

ಎರಡು: "ಅಪ್ಪ ಅಮ್ಮನನ್ನು ನೋಡಿಕೊಂಡವನು ನಾನು." ನಿಜವಿರಬಹುದು. ಆದರೆ ನೋಡಿಕೊಂಡದ್ದು ಅಣ್ಣನೋ ಅತ್ತಿಗೆಯೋ? ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತವಳು ಬಸ್ಸು ಹತ್ತಿ ಬಂದ ಮಗಳಲ್ಲವೇ? ಹೆತ್ತವರ ಪಾಲನೆ ಮಗನಂತೆ ಮಗಳ ಹೊಣೆಯೂ ಹೌದು ಎಂದು 2007ರ ಕಾನೂನು ಹೇಳಿದೆ, ನಾವು ಅದನ್ನು ಒಪ್ಪುತ್ತೇವೆ. ಹೊಣೆಯಲ್ಲಿ ಸಮಾನ ಎನ್ನುವವರು ಪಾಲಿನಲ್ಲೂ ಸಮಾನ ಎನ್ನಬೇಕು. ನಿಜವಾಗಿ ಖರ್ಚು ಮಾಡಿದವನು ಅಕ್ಕತಂಗಿಯರ ಮುಂದೆ ಲೆಕ್ಕ ಇಟ್ಟು ಮಾತಾಡಲಿ. ಲೆಕ್ಕ ಬೇಡ, ರುಜು ಮಾತ್ರ ಬೇಕು ಎನ್ನುವುದು ಸೇವೆಯಲ್ಲ.

ಮೂರು: "ಪಾಲು ಕೇಳಿದರೆ ತವರು ತಪ್ಪುತ್ತದೆ." ಎಲ್ಲಕ್ಕಿಂತ ಕ್ರೂರವಾದದ್ದು ಇದೇ. ಗಂಡ ಹೊಡೆದರೆ, ಕುಡಿದು ಬಂದರೆ, ನಾಳೆ ತೀರಿಹೋದರೆ ಕಾಲಿಡಲು ಒಂದು ಹೊಸ್ತಿಲು ಇರಲಿ ಎಂದು ಅವಳು ರುಜು ಹಾಕುತ್ತಾಳೆ. ಅಂದರೆ ಹೊಸ್ತಿಲನ್ನು ಉಳಿಸಿಕೊಳ್ಳಲು ಮನೆಯನ್ನೇ ಬರೆದುಕೊಡುತ್ತಾಳೆ. ಆಮೇಲೆ ಕಷ್ಟ ಬಂದು ಆ ಹೊಸ್ತಿಲಿಗೆ ಬಂದಾಗ ಅವಳು ಪಾಲುದಾರಳಲ್ಲ, ನೆಂಟಳು. ನಾಲ್ಕು ದಿನ ಕಳೆದರೆ "ಯಾವಾಗ ಹೊರಡುತ್ತೀ" ಎಂಬ ಪ್ರಶ್ನೆ. ಪಾಲಿದ್ದವಳನ್ನು ಯಾರೂ ಹಾಗೆ ಕೇಳಲಾರರು. ರುಜು ಬೀಳುವವರೆಗೆ ಮಾತ್ರ ಉಳಿಯುವ ಪ್ರೀತಿಗೆ ಬಾಗಿನದ ಮೊರ ಏತಕ್ಕೆ?

"ಎಲ್ಲರಿಗೂ ಪಾಲು ಕೊಟ್ಟರೆ ಇರುವ ಒಂದು ಸಣ್ಣ ಮನೆ, ಒಂದು ಸಣ್ಣ ಅಂಗಡಿ ಚೂರಾಗುವುದಿಲ್ಲವೇ" ಎಂದು ಕೇಳುವ ವ್ಯಾಪಾರಿ ಮಿತ್ರರಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಇಬ್ಬರು ಅಣ್ಣತಮ್ಮಂದಿರು ಇದ್ದಾಗ ಏನು ಮಾಡುತ್ತೀರಿ? ಒಬ್ಬ ಅಂಗಡಿ ಇಟ್ಟುಕೊಳ್ಳುತ್ತಾನೆ, ಇನ್ನೊಬ್ಬನಿಗೆ ಬೆಲೆ ಕಟ್ಟಿ ಕಂತಿನಲ್ಲಿ ಕೊಡುತ್ತಾನೆ. ತಮ್ಮನಿಗೆ ಕೊಡಲು ಬರುವ ಕಂತು ತಂಗಿಗೆ ಕೊಡಲು ಬರುವುದಿಲ್ಲವೇ? ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲು ಮಾರಲು ಹೊರಟರೆ ಉಳಿದವರಿಗೇ ಮೊದಲು ಕೊಳ್ಳುವ ಹಕ್ಕನ್ನು 1956ರ ಕಾನೂನಿನ 22ನೆಯ ಕಲಮು ಕೊಟ್ಟಿದೆ. ವ್ಯಾಪಾರಕ್ಕೂ ಅದು ಅನ್ವಯಿಸುತ್ತದೆ. ಅಂಗಡಿ ಒಡೆಯುವುದಿಲ್ಲ, ಸಾಲದ ಪುಸ್ತಕದಲ್ಲಿ ಇನ್ನೊಂದು ಹೆಸರು ಸೇರುತ್ತದೆ ಅಷ್ಟೆ.

ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಕಾಗೋಡಿನ ನೆಲದಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದ ಜಿಲ್ಲೆ ಇದು. ಉಳುವವನೇ ಹೊಲದೊಡೆಯ ಎಂದು ನಾವೆಲ್ಲ ಕೂಗಿದೆವು. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ನೆಲ ಬಂತು. ಒಳ್ಳೆಯದೇ ಆಯಿತು. ಆದರೆ ನಾಟಿ ಹಾಕಿದವಳು, ಕಳೆ ಕಿತ್ತವಳು, ಕೊಯ್ದು ಹೊರೆ ಹೊತ್ತವಳು ಒಡತಿ ಎಂದು ಯಾರೂ ಕೂಗಲಿಲ್ಲ. ಅರ್ಜಿ ಮನೆಯ ಯಜಮಾನನ ಹೆಸರಿನಲ್ಲಿ ಹೋಯಿತು. ಆ ಕಾನೂನಿನ ಕುಟುಂಬದ ವ್ಯಾಖ್ಯೆಯಲ್ಲೂ ಮದುವೆಯಾಗದ ಮಗಳಿಗೆ ಜಾಗವಿತ್ತು, ಮದುವೆಯಾದವಳಿಗಿರಲಿಲ್ಲ. ಜಮೀನ್ದಾರನ ಪಹಣಿಯನ್ನು ಪ್ರಶ್ನಿಸಿದವರು ನಮ್ಮ ಮನೆಯ ಪಹಣಿಯನ್ನು ಓದಿ ನೋಡಲಿಲ್ಲ.

ಇನ್ನು ಮಾಡಬೇಕಾದ್ದು. ಹೆಣ್ಣುಮಕ್ಕಳೇ, ಓದದೆ ರುಜು ಹಾಕಬೇಡಿ. ಖಾತೆ ಬದಲಾವಣೆಗೆ ಹಕ್ಕು ಬಿಡಬೇಕಾಗಿಲ್ಲ, ಎಲ್ಲ ವಾರಸುದಾರರ ಹೆಸರಿನಲ್ಲೂ ಖಾತೆ ಆಗಬಹುದು. ಖಾತೆಯಲ್ಲಿ ಒಬ್ಬನ ಹೆಸರು ಬಂದ ಮಾತ್ರಕ್ಕೆ ಅವನೇ ಒಡೆಯನಾಗುವುದಿಲ್ಲ. ಬ್ಯಾಂಕಿನ ಠೇವಣಿಗೆ ನಾಮಿನಿಯಾದವನು ಹಣ ಈಸಿಕೊಳ್ಳಬಲ್ಲನೇ ಹೊರತು ಉಳಿದ ವಾರಸುದಾರರ ಪಾಲನ್ನು ನುಂಗಲಾರ. ಮನೆ ಜಮೀನಿನ ಹಕ್ಕು ಬಿಡುವ ಪತ್ರ ನೋಂದಣಿಯಾದರೆ ಮಾತ್ರ ಬಲವುಳ್ಳದ್ದು. ನೋಂದಣಿ ಕಚೇರಿಗೆ ಕರೆದರೆ ಏತಕ್ಕೆ ಕರೆಯುತ್ತಿದ್ದಾರೆಂದು ಕೇಳಿ. ವಂಶವೃಕ್ಷ ಮಾಡಿಸುವಾಗ ನಿಮ್ಮ ಹೆಸರು ಅದರಲ್ಲಿದೆಯೇ ನೋಡಿ. ನಿಮಗೆ ಬಂದ ಪಾಲು ನಿಮ್ಮದು, ಗಂಡನ ಸಾಲ ತೀರಿಸಲು ಬಂದದ್ದಲ್ಲ.

ದುಡಿಯುವ ಹೆಂಗಸರಿಗೆ ಇನ್ನೂ ಒಂದು ಮಾತು. ಮಕ್ಕಳಿಲ್ಲದ ವಿಧವೆ ತಾನೇ ದುಡಿದು ಗಳಿಸಿದ್ದು ಉಯಿಲಿಲ್ಲದಿದ್ದರೆ ಹೆತ್ತ ತಾಯಿಗಲ್ಲ, ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆಂದು 1956ರ ಕಾನೂನಿನ 15ನೆಯ ಕಲಮು ಹೇಳುತ್ತದೆ. 2005ರ ತಿದ್ದುಪಡಿ ಇದನ್ನು ಮುಟ್ಟಲಿಲ್ಲ. ಇದು ಬದಲಾಗಲೇಬೇಕು. ಅಲ್ಲಿಯವರೆಗೆ ಉಯಿಲು ಬರೆದಿಡಿ.

ಹಿರಿಯ ಕಾರ್ಮಿಕರೇ, ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಬರೆಯುವ ಅಧಿಕಾರ ನಿಮಗಿದೆ. ಆ ಅಧಿಕಾರವನ್ನು ಹೆಣ್ಣುಮಕ್ಕಳನ್ನು ಹೊರಗಿಡಲು ಬಳಸಬೇಡಿ. ಬದುಕಿರುವಾಗಲೇ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿ, ಕೊಂಡ ನಿವೇಶನಕ್ಕೆ ಹೆಂಡತಿಯ ಹೆಸರನ್ನೂ ಸೇರಿಸಿ. ಕಾರ್ಮಿಕ ಸಂಘಗಳವರು ಬೋನಸ್ಸಿನ ಸಭೆ ಕರೆದಂತೆ ಈ ವಿಷಯಕ್ಕೂ ಒಂದು ಸಭೆ ಕರೆಯಲಿ. ಒಬ್ಬ ವಕೀಲರನ್ನು ಕರೆಸಲಿ, ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ.

ಅಣ್ಣಂದಿರಿಗೆ ನಮ್ಮ ಕೊನೆಯ ಮಾತು. ಈ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋಗುವಾಗ ಆ ಹಳೆಯ ಛಾಪಾ ಕಾಗದವನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ತಂಗಿಯ ಮುಂದಿಟ್ಟು, ಗಟ್ಟಿಯಾಗಿ ಓದಿ ಹೇಳಿ, ಇದು ನಿನಗೆ ಒಪ್ಪಿಗೆಯೇ ಎಂದು ಒಮ್ಮೆ ಕೇಳಿ. ಅವಳು ಏನು ಹೇಳುತ್ತಾಳೋ ಕೇಳಿಸಿಕೊಂಡು ಬನ್ನಿ.